ಪೆಟಿಯೋಲ್, ಪೆಡಿಸೆಲ್: ಎರಡೂ ತೊಟ್ಟೇ ಅಲ್ಲವೇ?

ಪ್ರಶ್ನೆ: ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಪೆಟಿಯೋಲ್, ಪೆಡಿಸೆಲ್ ಎಂಬ ಎರಡು ಪದಗಳು ಬರುತ್ತವೆ. ಕನ್ನಡದಲ್ಲಿ ಎರಡನ್ನೂ ತೊಟ್ಟು ಎನ್ನುತ್ತೇವೆ. ಇವುಗಳಲ್ಲಿ ಏನು ವ್ಯತ್ಯಾಸ, ಉಚ್ಚಾರಣೆ ಹೇಗೆ?

ಉತ್ತರ: ಪೆಟಿಯೋಲ್ ಎಂದರೆ ಎಲೆಯ ತೊಟ್ಟು, ಪೆಡಿಸೆಲ್ ಎಂದರೆ ಹೂಗೊಂಚಲಿನಲ್ಲಿ ಒಂದೊಂದು ಬಿಡಿ ಹೂವನ್ನು ಹೊತ್ತ ತೊಟ್ಟು. ಎರಡರ ಮೂಲವೂ ಪುಟ್ಟ ಪಾದ ಎಂಬರ್ಥದ ಲ್ಯಾಟಿನ್ ಪದಗಳಾದ್ದರಿಂದ ಗೊಂದಲವಾಗುವುದು ಸಹಜ. ಎರಡರಲ್ಲೂ ಮೊದಲ 'ಪೆ'ಗೆ ಒತ್ತು ಕೊಡಬೇಕು. ಪೆಟಿಯೋಲ್‌ನ 'ಟಿ'ಯನ್ನು ಟಿ ಎಂದೇ ನುಡಿಯಬೇಕು. 'ನೇಷನ್' ಪದದ ನೆನಪಿನಲ್ಲಿ ಅದನ್ನು 'ಪೆಷಿಯೋಲ್' ಎನ್ನುವುದು ತಪ್ಪು. ನಮ್ಮ ಪಠ್ಯಗಳಲ್ಲಿ ಎಲೆಯ ತೊಟ್ಟಿಗೆ ಪರ್ಣವೃಂತ ಎಂಬ ಪದವೂ ಇದೆ. ನನಗೆ ಎಲೆತೊಟ್ಟು ಎಂಬುದೇ ಹೆಚ್ಚು ಇಷ್ಟ, ಏಕೆಂದರೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಕರಿಬೇವಿನ ಒಂದು ಕಡ್ಡಿಯನ್ನು ಕೈಗೆತ್ತಿಕೊಳ್ಳಿ. ಒಗ್ಗರಣೆಗೆ ಹಾಕುವಾಗ ನಾವು ಎಲೆ ಎಂದು ಬಿಡಿಸಿಕೊಳ್ಳುವುದು ವಾಸ್ತವದಲ್ಲಿ ಕಿರುಎಲೆ. ಇಡೀ ಕಡ್ಡಿ ಸೇರಿ ಒಂದೇ ಎಲೆ. ಎಲೆಯ ಬುಡ ಯಾವುದೆಂದು ತಿಳಿಯಲು ಮೊಗ್ಗೇ ಗುರುತು: ಗಿಡದ ಮೇಲೆ ನೋಡಿದರೆ ಕಡ್ಡಿಯು ರೆಂಬೆಯನ್ನು ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಕಡ್ಡಿಯ ಬುಡದಿಂದ ಮೊದಲ ಕಿರುಎಲೆಯವರೆಗಿನ ಭಾಗವೇ ಪೆಟಿಯೋಲ್. ಅಲ್ಲಿಂದ ಮುಂದಕ್ಕೆ ಅದೇ ಕಡ್ಡಿಯ ಹೆಸರು ರೇಕಿಸ್. ಬೆನ್ನೆಲುಬು ಎಂಬರ್ಥದ ಗ್ರೀಕ್ ಪದವಾದ ಇದನ್ನು 'ರಾಚಿಸ್' ಎಂದು ಓದಬಾರದು. ಕಿರುಎಲೆಯ ಸಣ್ಣ ತೊಟ್ಟು ಪೆಟಿಯೊಲ್ಯೂಲ್.

ಅಡುಗೆಮನೆಯ ಇನ್ನೊಂದು ಪದವೂ ಇಲ್ಲಿ ಎಚ್ಚರಿಕೆ ಬೇಡುತ್ತದೆ. ಹರಿವೆಯ ದಂಟು ಕಾಂಡ, ಏಕೆಂದರೆ ಅದರ ಮೈಯಲ್ಲಿ ಗೆಣ್ಣುಗಳಿದ್ದು ಅಲ್ಲಿಂದ ಎಲೆಗಳು ಹೊರಡುತ್ತವೆ. ಕೆಸುವಿನ ದಂಟಾದರೋ ಪೆಟಿಯೋಲ್. ಅದರ ಕಾಂಡವು ಮಣ್ಣಿನೊಳಗಿನ ಗೆಡ್ಡೆ. ಪತ್ರೊಡೆಗೆ ಎಲೆ ಕೊಯ್ದವರು ಗಮನಿಸಿರಬಹುದು: ಆ ದಂಟು ಎಲೆಯ ಅಂಚಿಗೆ ಬಂದು ಸೇರದೆ, ಬೆನ್ನಿನ ಒಳಭಾಗದಲ್ಲಿ ಅಂಟಿಕೊಂಡಿರುತ್ತದೆ.

ಮಲೆನಾಡು, ಕರಾವಳಿಗಳ ನೆಡುತೋಪುಗಳಲ್ಲಿ ಕಾಣುವ ಅಕೇಶಿಯಾದಲ್ಲಿ ಪೆಟಿಯೋಲ್ ಎಲೆಯ ಜಾಗವನ್ನೇ ಹಿಡಿದಿದೆ. ಕುಡುಗೋಲಿನಂತೆ ಬಾಗಿದ ಅದರ 'ಎಲೆ' ಚಪ್ಪಟೆಯಾದ ತೊಟ್ಟು. ಇದಕ್ಕೆ ಫಿಲ್ಲೋಡ್ ಎಂದು ಹೆಸರು. ಆಗಷ್ಟೇ ಮೊಳೆತ ಸಸಿಯನ್ನು ನೋಡಿದರೆ ಮೊದಲು ಬರುವ ಎಲೆಗಳಲ್ಲಿ ಸಣ್ಣ ಸಣ್ಣ ಕಿರುಎಲೆಗಳು ಇನ್ನೂ ಕಾಣಸಿಗುತ್ತವೆ.