ಚಿತ್ರದ ಕಾಲ ಹೇಳುವುದು ಕಾರ್ಡಿನ ಬೆನ್ನು

ಹಳೆಯ ಬೆಂಗಳೂರು, ಮೈಸೂರಿನ ಎಷ್ಟೋ ಚಿತ್ರಗಳ ಕೆಳಗೆ ‘ಸುಮಾರು 1900’ ಎಂದಷ್ಟೇ ಬರೆದಿರುತ್ತದೆ. ಅವುಗಳಲ್ಲಿ ಅನೇಕವು ಚಿತ್ರದ ಅಂಚೆ ಕಾರ್ಡುಗಳು. ಸ್ಕ್ಯಾನ್ ಮಾಡಿದವರು ಮುಂಬದಿಯನ್ನಷ್ಟೇ ಉಳಿಸಿಕೊಂಡರೆ ಕಾಲ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಸರ್ಕಾರಿ ಅಂಚೆ ಕಾರ್ಡು ಭಾರತಕ್ಕೆ ಬಂದದ್ದು 1879ರಲ್ಲಿ, ಕಾಲಾಣೆ ಬೆಲೆಗೆ. ಚಿತ್ರದ ಕಾರ್ಡುಗಳು ಬಂದದ್ದು 1890ರ ದಶಕದ ಕೊನೆಗೆ. ಆಗ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಒಕ್ಕಣೆಯನ್ನು ಚಿತ್ರದ ಅಂಚಿನ ಬಿಳಿ ಜಾಗದಲ್ಲಿ ತುರುಕಬೇಕಿತ್ತು. 1902ರಲ್ಲಿ ಬ್ರಿಟನ್ ಹಿಂಬದಿಯ ನಡುವೆ ಗೆರೆ ಎಳೆದು ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಬರೆಯಲು ಒಪ್ಪಿತು. ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ ಅದೇ ದಾರಿ ಹಿಡಿದವು. ಇಲ್ಲಿನ ಕಾರ್ಡುಗಳಿಗೂ ಆ ಗೆರೆ ಬಂತು, ಚಿತ್ರ ಮುಂಬದಿಯನ್ನೆಲ್ಲ ತುಂಬಿತು.

ಮದ್ರಾಸು, ಬೆಂಗಳೂರುಗಳಲ್ಲಿ ಅಂಗಡಿಯಿದ್ದ ಹಿಗ್ಗಿನ್‌ಬಾಥಮ್ಸ್ ಇಂಥ ಕಾರ್ಡುಗಳನ್ನು ಹೊರತಂದಿತು. ಕೊಳ್ಳುವವರಲ್ಲಿ ಹೆಚ್ಚಿನವರು ದಂಡಿನ (ಕಂಟೋನ್ಮೆಂಟಿನ) ಇಂಗ್ಲಿಷರು. ಹಾಗಾಗಿ ಸೌತ್ ಪೆರೇಡ್ (ಇಂದಿನ ಎಂ.ಜಿ. ರಸ್ತೆ), ಚರ್ಚು, ಬ್ಯಾರಕ್ಕು, ಕಬ್ಬನ್ ಪಾರ್ಕು ಮತ್ತೆ ಮತ್ತೆ ಸಿಗುತ್ತವೆ, ಪೇಟೆಯ ಬೀದಿಗಳು ಅಪರೂಪ. ಕಾರ್ಡುಗಳನ್ನಷ್ಟೇ ನಂಬಿ ಊರಿನ ಚರಿತ್ರೆ ಬರೆದರೆ ಅರ್ಧ ಊರು ಬಿಟ್ಟುಹೋಗುತ್ತದೆ. ಆ ಕಾಲದ ಬಣ್ಣದ ಕಾರ್ಡುಗಳಲ್ಲಿ ಬಹಳಷ್ಟು ಅಚ್ಚಾದದ್ದು ಜರ್ಮನಿಯಲ್ಲಿ, ಕಪ್ಪುಬಿಳುಪು ಫೋಟೋದ ಮೇಲೆ ಅಲ್ಲಿಯೇ ಬಣ್ಣ ಹಚ್ಚಿ. ಸೀರೆಯ, ಗೋಡೆಯ ಬಣ್ಣಕ್ಕೆ ಅವನ್ನು ಸಾಕ್ಷಿಯಾಗಿ ಹಿಡಿಯಬಾರದು. 1914ರ ಯುದ್ಧದೊಂದಿಗೆ ಆ ಪೂರೈಕೆ ನಿಂತಿತು.

ಅಚ್ಚಿನ ಬಗೆ ತಿಳಿಯಲು ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಸಾಲುಸಾಲಾದ ಚುಕ್ಕಿ ಕಂಡರೆ ಅದು ಹಾಫ್‌ಟೋನ್, ಅಂದರೆ ಚುಕ್ಕಿಗಳಿಂದಲೇ ನೆರಳು ಮೂಡಿಸುವ ಅಚ್ಚು. ಹುಳು ಹರಿದಂತೆ ಅಂಕುಡೊಂಕು ನೆರಿಗೆ ಕಂಡರೆ ಕೊಲೊಟೈಪ್, ಅಂದರೆ ಜೆಲಟಿನ್ ಪದರದಿಂದ ಒತ್ತಿದ ಅಚ್ಚು. ಎರಡೂ ಇಲ್ಲದೆ ನೆರಳು ನುಣ್ಣಗಿದ್ದು, ಓರೆಯಾಗಿ ಹಿಡಿದಾಗ ಕಪ್ಪು ಭಾಗದ ಅಂಚು ಬೆಳ್ಳಿಯಂತೆ ಹೊಳೆದರೆ ಅದು ನಿಜವಾದ ಫೋಟೋ.

ಅಂಚೆ ಮುದ್ರೆಯ ತಾರೀಕು ಚಿತ್ರ ತೆಗೆದ ದಿನವಲ್ಲ. ‘ಇದಕ್ಕಿಂತ ಈಚಿನದಲ್ಲ’ ಎಂಬ ಮಿತಿ ಮಾತ್ರ, ಏಕೆಂದರೆ ಒಂದೇ ನೆಗೆಟಿವ್‌ನಿಂದ ವರ್ಷಗಟ್ಟಲೆ ಕಾರ್ಡು ಅಚ್ಚಾಗುತ್ತಿತ್ತು. ಇನ್ನೊಂದು ತುದಿಯ ಮಿತಿ ಚಿತ್ರದೊಳಗಿರುತ್ತದೆ. ಕಬ್ಬನ್ ಪಾರ್ಕಿನ ವಿಕ್ಟೋರಿಯಾ ಪ್ರತಿಮೆ ಕಂಡರೆ 1906ರ ಮುಂದಿನದು. ಮೈಸೂರಿನ ಮರದ ಅರಮನೆ ಇದ್ದರೆ 1897ರ ಬೆಂಕಿಗಿಂತ ಹಿಂದಿನದು. ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಆದರೆ ಟೆಲಿಗ್ರಾಫ್ ಕಂಬ ಅದಕ್ಕೂ ಹಳೆಯದು. ತಂತಿ ಕಂಡ ಮಾತ್ರಕ್ಕೆ ವರ್ಷ ಕಟ್ಟಬೇಡಿ, ದೀಪ ಹುಡುಕಿ. ಏಳನೇ ಎಡ್ವರ್ಡ್ ಮುಖದ ಅಂಚೆಚೀಟಿ 1902ರಿಂದ, ಐದನೇ ಜಾರ್ಜನದು 1911ರಿಂದ. ಚೀಟಿ ಸಂಗ್ರಹಿಸುವವರು ಅದನ್ನು ಕಿತ್ತಿದ್ದರೆ ಮುದ್ರೆಯ ಅರ್ಧವೂ ಜೊತೆಗೇ ಹೋಗಿರುತ್ತದೆ.

ಅಂಟುಹಾಳೆಯ ಆಲ್ಬಮ್ಮು ಕಾರ್ಡಿಗೆ ಶತ್ರು: ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ, ಎಳೆದರೆ ಬೆನ್ನಿನ ಬರಹ ಸುಲಿದು ಬರುತ್ತದೆ. ಪಿವಿಸಿ ಚೀಲವೂ ಬೇಡ, ಪಾಲಿಯೆಸ್ಟರ್ ಚೀಲ ಒಳ್ಳೆಯದು. ಮಳೆಗಾಲದ ತೇವಕ್ಕೆ ಫೋಟೋ ಕಾರ್ಡಿನ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಹಾಗಾಗಿ ಅವನ್ನು ಬಿಡಿಬಿಡಿಯಾಗಿ ಇಡಬೇಕು. ಗುರುತು ಹಾಕಬೇಕಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಹಿಂಬದಿಯ ಮೂಲೆಯಲ್ಲಿ, ಹಗುರವಾಗಿ.

ಸ್ಕ್ಯಾನ್ ಮಾಡುವಾಗ ಎರಡೂ ಬದಿಯನ್ನು, ಅಂಚು ಕತ್ತರಿಸದೆ, 600 ಡಿಪಿಐನಲ್ಲಿ ಟಿಫ್ ಕಡತವಾಗಿ ತೆಗೆದಿಡಿ. ಅಚ್ಚಾದ ಶೀರ್ಷಿಕೆ ತಪ್ಪೆನಿಸಿದರೂ ಇದ್ದ ಹಾಗೇ ಬರೆದುಕೊಂಡು, ನಿಮ್ಮ ತಿದ್ದುಪಡಿಯನ್ನು ಬೇರೆ ಅಂಕಣದಲ್ಲಿ ಹಾಕಿ. ಪ್ರಕಾಶಕರ ಕ್ರಮಸಂಖ್ಯೆ ಇದ್ದರೆ ಅದನ್ನೂ ಬಿಡಬೇಡಿ: ಒಂದೇ ಸರಣಿಯ ಅಕ್ಕಪಕ್ಕದ ಸಂಖ್ಯೆಯ ಕಾರ್ಡು ಬೇರೊಬ್ಬರ ಬಳಿ ಮುದ್ರೆಸಮೇತ ಸಿಕ್ಕಿದರೆ, ನಿಮ್ಮ ಖಾಲಿ ಕಾರ್ಡಿಗೂ ಅಂದಾಜು ಕಾಲ ಸಿಗುತ್ತದೆ.