21 ದಿನದ ಲೆಕ್ಕದಲ್ಲಿ ನಗುವಿಗೂ ಒಂದು ಜಾಗ

ಗಂಡನಿಗೋ ಹೆಂಡತಿಗೋ ಕ್ಯಾನ್ಸರ್ ಎಂದು ತಿಳಿದ ಮೇಲೆ ನೋಡಲು ಬಂದವರೆಲ್ಲ ಹೇಳುವ ಮಾತು ಒಂದೇ: "ಮನಸ್ಸು ಗಟ್ಟಿ ಮಾಡಿಕೊಳ್ಳಿ, ಕಾಯಿಲೆ ತಾನೇ ಓಡಿಹೋಗುತ್ತದೆ." ಮನಸ್ಸು ಗಟ್ಟಿ ಮಾಡಿಕೊಳ್ಳುವುದೇನೋ ಸರಿ, ಕಾಯಿಲೆ ಓಡಿಹೋಗುವ ಮಾತು ಮಾತ್ರ ಸುಳ್ಳು. ಮನಶ್ಶಾಸ್ತ್ರಜ್ಞ ಜೇಮ್ಸ್ ಕೋಯ್ನ್ ಮತ್ತು ಸಂಗಡಿಗರು ತಲೆ-ಕುತ್ತಿಗೆ ಕ್ಯಾನ್ಸರಿನ 1,093 ರೋಗಿಗಳ ಮಾಹಿತಿ ಜಾಲಾಡಿ 2007ರಲ್ಲಿ ಪ್ರಕಟಿಸಿದರು. ಮನಸ್ಸಿನ ನೆಮ್ಮದಿಗೂ ರೋಗಿ ಎಷ್ಟು ಕಾಲ ಬದುಕಿದರೆಂಬುದಕ್ಕೂ ಅಲ್ಲಿ ನಂಟು ಕಾಣಲಿಲ್ಲ. ನನಗಂತೂ ಇದು ಸಮಾಧಾನದ ಸುದ್ದಿ. ಅಳು ಬಂದ ದಿನ ಅತ್ತುಬಿಟ್ಟರೆ ಚಿಕಿತ್ಸೆ ಕೆಟ್ಟೀತೆಂಬ ಭಯ ಬೇಡ.

ನಗುವಿನ ಉಪಯೋಗ ಬೇರೆ ಕಡೆ ಇದೆ. ಮಾನವಶಾಸ್ತ್ರಜ್ಞ ರಾಬಿನ್ ಡನ್ಬಾರ್ ಅವರ ತಂಡ ಆರೋಗ್ಯವಂತರಿಗೆ ಹಾಸ್ಯದ ವಿಡಿಯೊ ತೋರಿಸಿ, ತೋಳಿಗೆ ಕೊರೆಯುವಷ್ಟು ತಣ್ಣಗಿನ ಪಟ್ಟಿ ಸುತ್ತಿ, ಇಲ್ಲವೇ ಬಿ.ಪಿ. ಪಟ್ಟಿ ಬಿಗಿದು ಪರೀಕ್ಷಿಸಿತ್ತು. ಚೆನ್ನಾಗಿ ನಕ್ಕವರು ನೋವನ್ನು ಹೆಚ್ಚು ತಡೆದುಕೊಂಡರು. ಕ್ಯಾನ್ಸರ್ ಗೆಡ್ಡೆಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಕಷ್ಟದ ಒಂದು ಸಂಜೆ ದಾಟಲು ಇಷ್ಟು ಸಾಕಾಗಬಹುದು.

ನಗಿಸಲು ಹೊರಡುವ ಮುನ್ನ ಕೀಮೋ ಕ್ಯಾಲೆಂಡರ್ ಓದಲು ಕಲಿಯಬೇಕು. ಹಲವು ಕೀಮೋಗಳ ಸೈಕಲ್, ಅಂದರೆ ಒಂದು ಸುತ್ತಿನ ಔಷಧದಿಂದ ಮುಂದಿನ ಸುತ್ತಿನವರೆಗಿನ ಅವಧಿ, 21 ದಿನದ್ದು. ಮೊದಲ ನಾಲ್ಕೈದು ದಿನ ವಾಕರಿಕೆಯವು; ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಕೊಟ್ಟಿದ್ದರೆ ಎರಡು-ಮೂರನೇ ದಿನ ಅದು ಮತ್ತೆ ಜೋರಾಗುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿಸಿ. ವಾಕರಿಕೆ ಶುರುವಾದ ಮೇಲೆ ಕೊಟ್ಟರೆ ಹಿಡಿತಕ್ಕೆ ಬರುವುದು ಕಷ್ಟ. ವಾಂತಿ ತಡೆಯುವ ಆಂಡಾನ್ಸೆಟ್ರಾನ್ ಮಾತ್ರೆ ಮಲಬದ್ಧತೆ ತರುತ್ತದೆ, ಅದನ್ನು ಮುಜುಗರಪಟ್ಟು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಜೊತೆಗೆ ಕೊಡುವ ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್. ನಿದ್ದೆ ಕೆಡಿಸಿ ಸಿಡಿಮಿಡಿ ಹೆಚ್ಚಿಸುತ್ತದೆ. ಬೆಳಗ್ಗೆಯೇ ತೆಗೆದುಕೊಳ್ಳಬಹುದೇ ಎಂದು ಕೇಳಿ ನೋಡಿ. ಆ ದಿನಗಳಲ್ಲಿ ನಿಮ್ಮ ತಮಾಷೆಗೆ ಬೈಗುಳ ಸಿಕ್ಕರೆ ಅರ್ಧ ಪಾಲು ಮಾತ್ರೆಯದೆಂದು ತಿಳಿಯಿರಿ.

ಕೀಮೋ ದಿನ ಸಂಗಾತಿಗೆ ಅಚ್ಚುಮೆಚ್ಚಿನ ತಿನಿಸು ಕೊಡಬೇಡಿ. ಮಿದುಳು ಆ ರುಚಿಯನ್ನು ವಾಂತಿಯ ಜೊತೆ ಗಂಟು ಹಾಕುತ್ತದೆ, ಮುಂದೆ ಅದನ್ನು ಕಂಡರೇ ಆಗದಂತಾಗಬಹುದು. ಆಸ್ಪತ್ರೆಯ ವಾಸನೆಗೇ, ಸೂಜಿ ಚುಚ್ಚುವ ಮೊದಲೇ ಕೆಲವರಿಗೆ ಹೊಟ್ಟೆ ತೊಳಸುವುದೂ ಹೀಗೆಯೇ. ಒಮ್ಮೆ ಅಂಟಿಕೊಂಡ ಈ ವಾಕರಿಕೆಗೆ ಮಾಮೂಲಿ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಮೊದಲ ಸೈಕಲ್‌ನಿಂದಲೇ ವಾಂತಿಯನ್ನು ಹತೋಟಿಯಲ್ಲಿಡುವುದು ಅದಕ್ಕೇ ಮುಖ್ಯ. ಗಮನ ಬೇರೆಡೆ ಸೆಳೆದರೂ ಅನುಕೂಲ. ದಾರಿಯುದ್ದಕ್ಕೂ ನಗಿಸುವ ಆಡಿಯೊ, ಪದಬಂಧ, ನಿಲ್ಲದ ಹರಟೆ: ನಿಮ್ಮ ಹಾಸ್ಯಪ್ರಜ್ಞೆಗೆ ನಿಜವಾದ ಕೆಲಸ ಸಿಗುವುದು ಇಲ್ಲಿ.

ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ತಳ ಮುಟ್ಟುತ್ತವೆ. ಈಗ ತಮಾಷೆ ಪಕ್ಕಕ್ಕಿಟ್ಟು ಥರ್ಮಾಮೀಟರ್ ಕೈಗೆತ್ತಿಕೊಳ್ಳಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತುಸ್ಥಿತಿ. ಕೀವು, ಕೆಂಪು, ಊತಗಳನ್ನು ಉಂಟುಮಾಡುವ ಕಣಗಳೇ ಕಡಿಮೆಯಾಗಿರುವುದರಿಂದ ಒಳಗೆ ಸೋಂಕು ಹಬ್ಬುತ್ತಿದ್ದರೂ ಹೊರಗೆ ಕಾಣುವ ಗುರುತು ಜ್ವರವೊಂದೇ ಆಗಿರಬಹುದು. ಆಸ್ಪತ್ರೆಗೆ ಫೋನ್ ಮಾಡುವ ಮೊದಲು ಪ್ಯಾರಾಸಿಟಮಾಲ್ ಕೊಟ್ಟರೆ ಆ ಗುರುತೂ ಅಳಿಸಿಹೋಗುತ್ತದೆ. ಜ್ವರವಿಲ್ಲದೆ ನಡುಕ, ಗೊಂದಲ, ವಿಪರೀತ ಸುಸ್ತು ಕಂಡರೂ ಹೊರಡಿ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಇಳಿಯಬೇಕೆಂಬುದು ವೈದ್ಯರ ಗುರಿ. "ಬೆಳಗಾಗಲಿ, ನೋಡೋಣ" ಎನ್ನುವವರು ಆ ಗಂಟೆಯನ್ನು ಮನೆಯಲ್ಲೇ ಕಳೆಯುತ್ತಾರೆ. ಔಷಧದ ಹೆಸರು, ಕೊನೆಯ ಡೋಸ್ ಕೊಟ್ಟ ತಾರೀಖು, ರಾತ್ರಿಯೂ ಎತ್ತುವ ಫೋನ್ ನಂಬರು ಬರೆದ ಚೀಟಿ ಬಾಗಿಲ ಬಳಿಯ ಚೀಲದಲ್ಲಿರಲಿ.

ಮೂರನೇ ವಾರ ಸಾಮಾನ್ಯವಾಗಿ ಹಗುರ. ನಾಲಿಗೆಗೆ ರುಚಿ, ಕಾಲಿಗೆ ಬಲ ಮರಳತೊಡಗುತ್ತವೆ. ಗೆಳೆಯರನ್ನು ಕರೆಯುವುದು, ತಿರುಗಾಟ, ಗಲಾಟೆ ಎಲ್ಲ ಈ ವಾರಕ್ಕೆ.

ಕೂದಲು ಉದುರಿಸುವ ಔಷಧವಾದರೆ ಮೊದಲ ಡೋಸ್ ಆಗಿ ಎರಡು-ಮೂರು ವಾರಕ್ಕೆ ಉದುರಲು ಶುರು. ಅದಕ್ಕೂ ಮುಂಚೆ ನೆತ್ತಿ ನೋಯಬಹುದು. ಮೊದಲೇ ಗಿಡ್ಡ ಮಾಡಿಸಿಕೊಂಡರೆ ದಿಂಬಿನ ಮೇಲೆ ಹಿಡಿಗಟ್ಟಲೆ ಕಾಣುವುದು ತಪ್ಪುತ್ತದೆ. ಬೋಳುತಲೆಯ ಬಗ್ಗೆ ಮೊದಲ ಜೋಕ್ ಹೇಳುವ ಹಕ್ಕು ಆ ತಲೆಯವರದ್ದೇ. ಅವರು ನಕ್ಕ ಮೇಲೆ ನೀವು ಸೇರಿಕೊಳ್ಳಬಹುದು.

ಭರವಸೆಗೂ ಲೆಕ್ಕ ಬೇಕು. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ 1982ರಲ್ಲಿ ಹೊಟ್ಟೆಯ ಒಳಪದರದ ಕ್ಯಾನ್ಸರ್ ಆದ ಮೀಸೋಥೀಲಿಯೋಮಾ ಪತ್ತೆಯಾದಾಗ ಆ ರೋಗದ ಮಧ್ಯಕ ಆಯುಷ್ಯ ಎಂಟು ತಿಂಗಳು. ಮಧ್ಯಕವೆಂದರೆ ಅರ್ಧ ಮಂದಿ ಅದನ್ನು ದಾಟುತ್ತಾರೆ, ಕೆಲವರು ಬಹುದೂರ ದಾಟುತ್ತಾರೆ. ಗೌಲ್ಡ್ 2002ರವರೆಗೆ ಬದುಕಿದರು. ಎಲ್ಲರಿಗೂ ಹಾಗಾಗುತ್ತದೆಂದು ಯಾರೂ ಮಾತು ಕೊಡಲಾರರು. ಹಾಗಾಗಿ ವೈದ್ಯರನ್ನು "ಎಷ್ಟು ತಿಂಗಳು?" ಎಂದಷ್ಟೇ ಕೇಳಿ ಬರಬೇಡಿ. ಮುಂದಿನ ಸ್ಕ್ಯಾನ್ ಯಾವಾಗ, ಅದರಲ್ಲಿ ಏನು ಕಂಡರೆ ಒಳ್ಳೆಯದು, ಕಾಣದಿದ್ದರೆ ಮುಂದಿನ ದಾರಿ ಯಾವುದು ಎಂಬುದನ್ನೂ ಕೇಳಿ ಬರೆದುಕೊಳ್ಳಿ.

ನಗು ಬಾರದ ದಿನಗಳು ಇದ್ದೇ ಇರುತ್ತವೆ. ಆದರೆ ಎರಡು ವಾರ ಬಿಡದೆ ಮಂಕು ಕವಿದಿದ್ದರೆ, ಇಷ್ಟದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಆಪ್ತಸಮಾಲೋಚನೆಯೂ ಔಷಧವೂ ಇವೆ. ಆರೈಕೆ ಮಾಡುವವರಿಗೂ ಇದು ಬರುತ್ತದೆ. ಸಂಗಾತಿಯ ಮುಂದಿನ ತಪಾಸಣೆಗೆ ಹೋದಾಗ ನಿಮ್ಮದನ್ನೂ ಹೇಳಿಕೊಳ್ಳಿ.