ಕಿರುನಾದ ಅದಿರು ಮತ್ತು ಸ್ವೀಡನ್ನಿನ ತಾಟಸ್ಥ್ಯ

ಎರಡನೇ ಮಹಾಯುದ್ಧ ಶುರುವಾದಾಗ ನಾರ್ವೆ, ಡೆನ್ಮಾರ್ಕ್, ಬೆಲ್ಜಿಯಂ, ನೆದರ್ಲೆಂಡ್ಸ್ ಕೂಡ ತಟಸ್ಥ ರಾಷ್ಟ್ರಗಳೇ ಆಗಿದ್ದವು. 1940ರ ವಸಂತದಲ್ಲಿ ಜರ್ಮನ್ ಸೇನೆ ಆ ನಾಲ್ಕನ್ನೂ ಆಕ್ರಮಿಸಿತು. ಸ್ವೀಡನ್ ಹೇಗೆ ಉಳಿಯಿತು ಎಂದು ತಿಳಿಯಲು ಅದರ ಉತ್ತರ ತುದಿಯ ಗಣಿಗಳತ್ತ ನೋಡಬೇಕು.

1814ರ ನಂತರ ಸ್ವೀಡನ್ ಯಾವ ಯುದ್ಧಕ್ಕೂ ಇಳಿದಿರಲಿಲ್ಲ. ಮೊದಲ ಮಹಾಯುದ್ಧದ ವೇಳೆ, 1914ರ ಡಿಸೆಂಬರಿನಲ್ಲಿ, ಸ್ವೀಡನ್, ನಾರ್ವೆ ಮತ್ತು ಡೆನ್ಮಾರ್ಕಿನ ದೊರೆಗಳು ಮಾಲ್ಮೊ ನಗರದಲ್ಲಿ ಸೇರಿ ತಟಸ್ಥ ನಿಲುವನ್ನು ಸಾರಿದರು. ಯುದ್ಧದಿಂದ ದೂರವಿದ್ದರೂ ಅದರ ಬಿಸಿ ತಟ್ಟದೆ ಇರಲಿಲ್ಲ: 1917ರಲ್ಲಿ ಆಹಾರದ ಕೊರತೆಯಿಂದ ಸ್ವೀಡನ್ನಿನ ಜನ ಬೀದಿಗಿಳಿದಿದ್ದರು.

ಆ ಉತ್ತರ ತುದಿಯ ಗಣಿ ಊರುಗಳಾದ ಕಿರುನಾ ಮತ್ತು ಯೆಲ್ಲಿವಾರೆಯ ಅದಿರಿನಲ್ಲಿ ಕಬ್ಬಿಣದ ಅಂಶ ಶೇ 60ಕ್ಕೂ ಹೆಚ್ಚು. ಬೇಸಿಗೆಯಲ್ಲಿ ಅದು ಲುಲಿಯೊ ಬಂದರಿನಿಂದ ಹಡಗೇರುತ್ತಿತ್ತು. ಚಳಿಗಾಲದಲ್ಲಿ ಅಲ್ಲಿನ ಸಮುದ್ರ ಹೆಪ್ಪುಗಟ್ಟುವುದರಿಂದ ರೈಲಿನಲ್ಲಿ ಬೆಟ್ಟ ದಾಟಿ ನಾರ್ವೆಯ ನಾರ್ವಿಕ್ ಬಂದರು ಸೇರುತ್ತಿತ್ತು. ಜರ್ಮನಿಯ ಉಕ್ಕಿನ ಕುಲುಮೆಗಳು ಈ ಅದಿರನ್ನು ನೆಚ್ಚಿಕೊಂಡಿದ್ದವು, ಸ್ವೀಡನ್ನಿನ ಮನೆಗಳೂ ಕಾರ್ಖಾನೆಗಳೂ ಜರ್ಮನಿಯ ಕಲ್ಲಿದ್ದಲನ್ನು. ದಾಳಿ ಮಾಡಿದರೆ ಗಣಿಗಳೇ ಹಾಳಾದಾವು ಎಂಬ ಲೆಕ್ಕಾಚಾರ ಜರ್ಮನಿಯ ಕೈ ಕಟ್ಟಿಹಾಕಿದ ಕಾರಣಗಳಲ್ಲಿ ಒಂದು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಯುದ್ಧನಿರತ ಪಡೆಗಳು ತಟಸ್ಥ ನೆಲವನ್ನು ಹಾದುಹೋಗಕೂಡದೆಂದು 1907ರ ಹೇಗ್ ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದರೂ ಪ್ರಧಾನಿ ಪೆರ್ ಆಲ್ಬಿನ್ ಹಾನ್ಸನ್ ಅವರ ಸರ್ಕಾರ 1940ರ ಜುಲೈನಲ್ಲಿ, ನಾರ್ವೆಯಿಂದ ರಜೆಯ ಮೇಲೆ ಹೋಗಿಬರುವ ಜರ್ಮನ್ ಸೈನಿಕರಿಗೆ ತನ್ನ ರೈಲುಗಳನ್ನು ತೆರೆಯಿತು. 1941ರ ಜೂನ್‌ನಲ್ಲಿ, ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ಎರಗಿದಾಗ, ಶಸ್ತ್ರಸಜ್ಜಿತವಾದ ಒಂದು ಇಡೀ ಜರ್ಮನ್ ಡಿವಿಷನ್ (ಸಾವಿರಾರು ಸೈನಿಕರ ಪಡೆ) ಅದೇ ನೆಲದ ಮೂಲಕ ಫಿನ್ಲೆಂಡ್ ತಲುಪಿತು. ಆಕ್ರಮಿತ ನಾರ್ವೆಯ ಜನರಿಗೆ ಇದು ನೆರೆಯವರ ದ್ರೋಹವಾಗಿ ಕಂಡಿತು. ಆ ನೋವು ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ.

ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನಿ ಸೋತ ಮೇಲೆ ಸ್ವೀಡನ್ನಿನ ದನಿ ಗಟ್ಟಿಯಾಯಿತು. 1943ರ ಆಗಸ್ಟಿನಲ್ಲಿ ಅದು ಈ ರೈಲು ಸೌಲಭ್ಯವನ್ನು ನಿಲ್ಲಿಸಿತು. ಎರಡೇ ತಿಂಗಳಲ್ಲಿ, ಡೆನ್ಮಾರ್ಕಿನ ಯಹೂದಿಗಳನ್ನು ನಾಜಿಗಳು ಸೆರೆಹಿಡಿಯಹೊರಟಾಗ, ಸುಮಾರು 7,000 ಮಂದಿ ರಾತ್ರಿಯ ಕತ್ತಲಲ್ಲಿ ಮೀನುಗಾರರ ದೋಣಿಗಳಲ್ಲಿ ಅಡಗಿ, ಅತಿ ಕಿರಿದಾದ ಕಡೆ ನಾಲ್ಕು ಕಿಲೋಮೀಟರಷ್ಟೇ ಅಗಲವಿರುವ ಓರೆಸುಂಡ್ ಜಲಸಂಧಿಯನ್ನು ದಾಟಿದರು. ತಟಸ್ಥ ದೇಶವೊಂದು ಎದುರು ದಡದಲ್ಲಿ ಉಳಿದಿದ್ದರಿಂದಲೇ ಅವರಿಗೆ ಇಳಿಯಲು ನೆಲವಿತ್ತು. ಯುದ್ಧದ ನಂತರವೂ ಸ್ವೀಡನ್ ಸೇನಾ ಕೂಟಗಳಿಂದ ದೂರವೇ ಉಳಿಯಿತು. ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದ ಬಳಿಕ, 2024ರ ಮಾರ್ಚ್ 7ರಂದು, ಅದು ನ್ಯಾಟೋ ಸೇರಿತು.